ಬೋರಲು ಮಲಗಿದವರ ವಾರ್ಡು

ಜೂನ್ 3, ಮಂಗಳವಾರ

ಮಧ್ಯಾಹ್ನದ ಡ್ಯೂಟಿ. ಎಲ್ಲರಿಗೂ ಡ್ರಾಪ್ಸ್ ಹಾಕಿ ಆಯಿತು. ಕಿಟಕಿ ಪಕ್ಕದ ಅಜ್ಜಿಗೆ ಎರಡು ಸಲ — ಮೊದಲ ಹನಿ ಕೆನ್ನೆಗೆ ಹೋಯಿತು. "ಆಪರೇಷನ್ ಆಗಿರೋದು ಕಣ್ಣಿಗೆ ಕಣೇ ತಾಯಿ" ಅಂದಿತು ಅಜ್ಜಿ. ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿಗೂ. ಕೊನೆಗೆ ನಗಬೇಡಿ, ಅಲ್ಲಾಡಬೇಡಿ ಅಂತ ನಾನೇ ಗದರಬೇಕಾಯಿತು.

ಈ ಹೊತ್ತು ನನಗಿಷ್ಟ. ಊಟ ಮುಗಿದಿರುತ್ತೆ, ಸಂಜೆಯ ರೌಂಡ್ಸ್ ಶುರುವಾಗಿರುವುದಿಲ್ಲ. ಹಳದಿ ಪರದೆಗಳಲ್ಲಿ ಸೋಸಿಕೊಂಡು ಬರುವ ಬಿಸಿಲು. ಫ್ಯಾನು ನಿಧಾನ. ಎಲ್ಲ ಮಂಚಗಳ ಮೇಲೂ ಬರೀ ಬೆನ್ನುಗಳು... ನಮ್ಮ ವಾರ್ಡಿನಲ್ಲಿ ಯಾರಿಗೂ ಮುಖವಿಲ್ಲ. ನಿಮ್ಮ ಪೇಷಂಟುಗಳೆಲ್ಲ ನಿಮ್ಮ ಮೇಲೆ ಮುನಿಸಿಕೊಂಡಿದ್ದಾರಾ ಅಂತ ಬೇರೆ ವಾರ್ಡಿನವರು ಕಿಚಾಯಿಸುತ್ತಾರೆ.

ಕಣ್ಣೊಳಗಿನ ಪರದೆ ಕಿತ್ತು ಬಂದವರು ಇವರು. ಡಾಕ್ಟರಮ್ಮ ಅದನ್ನು ಮತ್ತೆ ಕೂರಿಸಿ, ಒಳಗೊಂದು ಗ್ಯಾಸಿನ ಗುಳ್ಳೆ ಬಿಟ್ಟು ಕಳಿಸುತ್ತಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ತೇಲುವುದು. ಮುಖ ಕೆಳಗಿದ್ದರೆ ಮಾತ್ರ ಅದು ಹಿಂದಿನ ಪರದೆಯನ್ನು ಒತ್ತಿ ಹಿಡಿಯುತ್ತೆ, ಅದು ಅಂಟುವ ತನಕ. ಹಾಗಾಗಿ ಒಂದು ವಾರ, ಕೆಲವರಿಗೆ ಹತ್ತು ದಿನ, ಬೋರಲು. ತೂತಿನ ದಿಂಬಿಗೆ ಮುಖ ಕೊಟ್ಟು ನೆಲ ನೋಡಿಕೊಂಡಿರುವುದು. ಅಂಗಾತ ಮಲಗಿದರೆ ಕಣ್ಣಿನ ಆಸೆ ಬಿಡಬೇಕು. ಹೇಳುವುದಕ್ಕೇನು, ಸುಲಭ. ಒಂದು ದಿನ ಮಲಗಿ ನೋಡಬೇಕು.

ಅದಕ್ಕೇ ಕೆಳಗಿನ ಡ್ಯೂಟಿ. ಹೆಸರಿಟ್ಟಿದ್ದು ದೊಡ್ಡಕ್ಕ, ನಮ್ಮೆಲ್ಲರಿಗಿಂತ ಸೀನಿಯರ್. ಯಾವ ರೋಸ್ಟರಿನಲ್ಲೂ ಅದಿಲ್ಲ. ಕೈ ಖಾಲಿಯಾದವರು ಚಪ್ಪಲಿ ಬಿಟ್ಟು, ಮಂಚದ ತಲೆದೆಸೆಯಲ್ಲಿ ನೆಲದ ಮೇಲೆ ಕೂತು, ಕತ್ತೆತ್ತಿ, ಆ ತೂತಿನೊಳಗಿನ ಮುಖದ ಜೊತೆ ಮಾತಾಡುವುದು. ಅಷ್ಟೇ. ಇವತ್ತು ದೊಡ್ಡಕ್ಕ ಅಜ್ಜಿಯ ಕೆಳಗೆ ಕೂತು, ಸೊಸೆಯ ಮೇಲಿನ ದೂರು ಕೇಳುತ್ತಾ ಕೇಳುತ್ತಾ, ಮಂಚದ ಕಾಲಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದರು. "ಹೂಂ... ಆಮೇಲೆ?" ಅನ್ನುವುದು ಮಾತ್ರ ತಪ್ಪಲಿಲ್ಲ. ಆ ಬೆಳಕಿನಲ್ಲಿ ಅವರಿಬ್ಬರನ್ನೂ ನೋಡುತ್ತಾ ನಾನೂ ಅರೆನಿದ್ದೆಯಲ್ಲಿ ನಿಂತುಬಿಟ್ಟಿದ್ದೆ.

ಜೂನ್ 6, ಶುಕ್ರವಾರ

ದೊಡ್ಡಕ್ಕನ ಚಪ್ಪಲಿ ಪಟ್ಟಿ ಕಿತ್ತುಹೋಗಿತ್ತು. ವಾರ್ಡಿನ ಬಿಳಿ ಚಪ್ಪಲಿ. ಹೊಲಿಯುವವನ ಹತ್ತಿರ ಬಿಳಿ ದಾರ ಇರಲಿಲ್ಲವಂತೆ, ಗುಲಾಬಿ ದಾರದಲ್ಲಿ ಹೊಲಿದುಕೊಟ್ಟಿದ್ದಾನೆ. ಪುಟ್ಟಿ (ಹೋದ ವರ್ಷ ಸೇರಿದ ಹುಡುಗಿ, ಬಾಯಿ ಸುಮ್ಮನಿರುವುದಿಲ್ಲ) "ದೊಡ್ಡಕ್ಕಂಗೆ ಈ ವಯಸ್ಸಲ್ಲಿ ಗುಲಾಬಿ ಬೇಕಾಯ್ತಾ?" ಅಂತ ರೇಗಿಸಿದಳು. ಪೇಷಂಟುಗಳಿಗೆ ಒಳ್ಳೆಯದೇ ಆಯಿತು. ಮೇಲಿನಿಂದ ನೋಡುವವರಿಗೆ ನಮ್ಮೆಲ್ಲರ ಪಾದವೂ ಒಂದೇ ಥರ. ಈಗ ಗುಲಾಬಿ ದಾರ ಬಂತು ಅಂದರೆ ದೊಡ್ಡಕ್ಕ ಬಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. "ನಿಮ್ಮ ಆಸ್ಪತ್ರೇಲಿ ಕೆಲಸಾನೂ ಮಾಡ್ತೀರಾ ಇಲ್ಲ ಬರೀ ನಗೋದೇನಾ?" ಅಂದರು. ಎರಡೂ ಒಂದೇ ಅತ್ತೆ ಅಂದೆ.

ಜೂನ್ 9, ಸೋಮವಾರ

ಹೇಗೆ ಬರೆಯಲಿ...

ಮೀಟಿಂಗ್. ದೊಡ್ಡ ಹಾಲ್, ಎಲ್ಲ ವಿಭಾಗದವರೂ. ಹೊಸ ಮ್ಯಾನೇಜರ್. ಅಂಗಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದು, ಅಷ್ಟು ಇಸ್ತ್ರಿ. ನಾವು ಕರೆಯುವುದೇ ಇಸ್ತ್ರಿ ಅಂತ. ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತಾ ಹೋದರು. ಖಾಲಿ ಕೌಂಟರ್. ಸುಮ್ಮನೆ ಉರಿಯುವ ಲೈಟು. ಮೇಲೆ ದಪ್ಪ ಅಕ್ಷರದಲ್ಲಿ, "ಸಮಯ ಪೋಲಾಗುವುದು ಎಲ್ಲಿ?"

ಆಮೇಲೆ ನಮ್ಮ ವಾರ್ಡು. ಮೂಲೆಯ ಕ್ಯಾಮೆರಾ ಹಿಡಿದದ್ದು. ನೆಲದ ಮೇಲೆ ಕೂತು, ಮಂಚದ ಕಾಲಿಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಕಣ್ಣು ಮುಚ್ಚಿ... ದೊಡ್ಡಕ್ಕ. ಅಜ್ಜಿಯ ಮುಖ ದಿಂಬಿನೊಳಗೆ, ಅದು ಕಾಣುವುದೇ ಇಲ್ಲ. ಕಾಣುವುದು ನಿದ್ದೆ ಮಾಡುವ ನರ್ಸು ಮಾತ್ರ.

"ಯಾರು ಅಂತ ಹೇಳಲ್ಲ" ಅಂದರು ಇಸ್ತ್ರಿ, ಮೆತ್ತಗೆ, ಉಪಕಾರ ಮಾಡಿದ ಹಾಗೆ. ಹೇಳಬೇಕಾಗಿಯೇ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇನ್ನೂ ಕೆಲವರು.

ದೊಡ್ಡಕ್ಕ ನನ್ನ ಪಕ್ಕದಲ್ಲೇ ಇದ್ದರು. ಸೆರಗಿನ ಪಿನ್ನು ತೆಗೆದರು, ಮತ್ತೆ ಹಾಕಿಕೊಂಡರು. ತೆಗೆದರು, ಹಾಕಿಕೊಂಡರು. ನಾನು ಎದ್ದು ನಿಂತು ಹೇಳಬಹುದಿತ್ತು — ಸಾರ್, ಅದು ಕೆಲಸ. ನಮ್ಮ ಡಾಕ್ಟರಮ್ಮ ಆಪರೇಷನ್ ಥಿಯೇಟರಿನಲ್ಲಿದ್ದರು, ಇದ್ಯಾವುದೂ ಅವರಿಗೆ ಗೊತ್ತಿಲ್ಲ. ಹೇಳಬಹುದಾಗಿದ್ದವಳು ನಾನೇ. ಹೇಳಲಿಲ್ಲ.

ಜೂನ್ 10, ಮಂಗಳವಾರ

ದೊಡ್ಡಕ್ಕ ಸರಿಯಾದ ಟೈಮಿಗೆ ಬಂದರು. ಡ್ರಾಪ್ಸ್, ಬಿ.ಪಿ., ಚಾರ್ಟು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. "ಗುಲಾಬಿ ದಾರ ಬಂತಾ? ನಿನ್ನೆ ಸೊಸೆ ಏನಂದ್ಲು ಗೊತ್ತಾ..." ಅಂತ ಅಜ್ಜಿ ಶುರು ಮಾಡಿತು. "ಆಮೇಲೆ ಮಾತಾಡೋಣ" ಅಂತ ನಿಂತೇ ಹೇಳಿ ಹೋದರು.

ಇವತ್ತು ಯಾರೂ ಕೂರಲಿಲ್ಲ. ಕೂರಬೇಡಿ ಅಂತ ಯಾರೂ ಹೇಳಿಯೂ ಇರಲಿಲ್ಲ.

ಜೂನ್ 17, ಮಂಗಳವಾರ

ವಾರ್ಡು ಸ್ವಚ್ಛವಾಗಿದೆ. ಚಾರ್ಟುಗಳು ತುಂಬಿವೆ. ಇಸ್ತ್ರಿ ಬಂದು ನೋಡಿ, "ವೆರಿ ಗುಡ್" ಅಂದು ಹೋದರು.

ಮೊದಲು ಒಂದೇ ಫ್ಲಾಸ್ಕು ಟೀ ನಮಗೆಲ್ಲ ಸಾಲುತ್ತಿತ್ತು. ಈಗ ಮೂರು ಫ್ಲಾಸ್ಕು, ಮೂರು ಮೂಲೆ. ಬೆಲ್ ಹೊಡೆದರೆ ಮೊದಲು ಯಾರ ಮಂಚ ಅಂತ ನೋಡುತ್ತೇವೆ. ನಂದಲ್ಲ. ಡ್ಯೂಟಿ ಬದಲಾಗುವಾಗ ಪುಟ್ಟಿ ಒಬ್ಬೊಬ್ಬರ ಕಥೆ ಹೇಳುತ್ತಿದ್ದಳು, ಯಾರಿಗೆ ಭಯ, ಯಾರು ಅತ್ತರು, ಯಾರಿಗೆ ಎಡಗಿವಿ ಕೇಳಲ್ಲ. ಈಗ "ಎಲ್ಲಾ ಫೈಲಲ್ಲಿದೆ ಅಕ್ಕ" ಅನ್ನುತ್ತಾಳೆ. ಫೈಲಿನಲ್ಲಿ ಎಡಗಿವಿ ಇಲ್ಲ. ಬಲಗಡೆಯಿಂದ ಹೋಗದೆ, ಪಾಪ, ಎಡಗಿವಿ ಕೇಳದ ಒಬ್ಬ ಮುದುಕರನ್ನು ಇವತ್ತು ಬೆಚ್ಚಿಬೀಳಿಸಿದೆ.

ಯಾರೂ ಜಗಳವಾಡುವುದಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಸಂಜೆ ಅತ್ತೆ ಏನೋ ಕೇಳಿದರು, ಉತ್ತರ ಹೇಳಿದೆ. "ಕೂತ್ಕೊಂಡು ಮಾತಾಡೇ. ಬಸ್‌ಸ್ಟಾಪಲ್ಲಿ ನಿಂತ ಹಾಗೆ ನಿಂತಿದ್ದೀಯ" ಅಂದರು. ಕಾಲು ನೋಡಿಕೊಂಡೆ. ಹೌದು. ಮನೆಯಲ್ಲೂ ನಿಂತೇ ಇದ್ದೇನೆ.

ಜುಲೈ 1, ಮಂಗಳವಾರ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಬರೆಯುವಂಥದ್ದು ಏನಿತ್ತು? ಹೋದೆ, ಬಂದೆ.

ಇವತ್ತು ಅಜ್ಜಿ ಬಂದಿತ್ತು, ಚೆಕಪ್ಪಿಗೆ. ಅದೇ ಸೊಸೆ ಕೈ ಹಿಡಿದುಕೊಂಡು, ಮೆಟ್ಟಿಲು ಬಂತು ಅತ್ತೆ, ಇನ್ನೊಂದು, ಇನ್ನೊಂದು, ಅಂತ ಮೆತ್ತಗೆ ನಡೆಸಿಕೊಂಡು ಬಂದಳು. ಕಣ್ಣಿನ ಪರದೆ ಪೂರ್ತಿ ಕಳಚಿದೆ. ಇನ್ನು ಮಾಡುವುದಕ್ಕೇನಿಲ್ಲ. "ತಡೆಯೋಕಾಗಲಿಲ್ಲ ಕಣೇ. ಆ ಕೊನೆ ದಿನಗಳಲ್ಲಿ ಸುಮ್ಮನೆ ಮಗ್ಗುಲಾಗಿಬಿಡ್ತಿದ್ದೆ. ಯಾರೂ ನೋಡ್ತಿರಲಿಲ್ಲವಲ್ಲ" ಅಂದಿತು. ಬೈಯಲಿಲ್ಲ. ಬೈದಿದ್ದರೆ...

ಅಜ್ಜಿಯೊಬ್ಬರೇ ಅಲ್ಲ. ಈ ತಿಂಗಳು ಮತ್ತೆ ಥಿಯೇಟರಿಗೆ ಹೋದವರು ತುಂಬ ಜನ. ಡಾಕ್ಟರಮ್ಮ ವಾರ್ಡಿನ ನಡುವೆ ನಿಂತು, ಮಾಸ್ಕ್ ಕತ್ತಿಗೆ ಇಳಿಸಿ, ತಮ್ಮಷ್ಟಕ್ಕೇ ಹೇಳಿಕೊಂಡರು: "ಅದೇ ಕೈ, ಅದೇ ಗ್ಯಾಸು. ಎಲ್ಲಿ ತಪ್ತಿದೀನಿ ನಾನು?" ಕಣ್ಣ ಕೆಳಗೆ ಕಪ್ಪು. ನಮ್ಮ ಕಡೆ ನೋಡಿದರು. ನಾವು ಚಾರ್ಟು ನೋಡಿದೆವು. ನಾವು ಕೂರುವುದು ಬಿಟ್ಟಿದ್ದಕ್ಕೇ ಹೀಗೆ ಅಂತ ನನಗೆ ಗೊತ್ತಿತ್ತು. ದೊಡ್ಡಕ್ಕನಿಗೂ, ಪುಟ್ಟಿಗೂ. ನಾಚಿಕೆಯಾಗುತ್ತಿದೆ, ಬರೆಯುವುದಕ್ಕೂ.

ಜುಲೈ 8, ಮಂಗಳವಾರ

ಹೊಸ ಪೇಷಂಟು. ಅಂಗಡಿಗಳ ಬೋರ್ಡ್ ಬರೆಯುವವರು, ಕೈಯಿಂದಲೇ, ಬ್ರಷ್ ಹಿಡಿದು. ಬೋರ್ಡಣ್ಣ ಅಂತ ಅವರೇ ಪರಿಚಯ ಮಾಡಿಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣ. ಎಡಗಣ್ಣು ಹುಟ್ಟಿನಿಂದ ಮಬ್ಬು. ಬಣ್ಣ ಕಾಣುತ್ತೆ, ಆಕಾರ ಕಾಣುತ್ತೆ, ಅಕ್ಷರ ಕಾಣಲ್ಲ. ಪರದೆ ಕಿತ್ತಿರುವುದು ಬಲಗಣ್ಣಿನದು. ಅದೇ ಅವರ ಅನ್ನ.

ಆಪರೇಷನ್ ಚೆನ್ನಾಗಿ ಆಯಿತು. ಡಾಕ್ಟರಮ್ಮ ಗುಳ್ಳೆಯ ವಿಷಯ ತಿಳಿಸಿ ಹೇಳಿದರು — ಗೋಡೆಗೆ ಕಾಗದ ಅಂಟಿಸಿ ಅಂಗೈಯಲ್ಲಿ ಒತ್ತಿ ಹಿಡೀತೀರಲ್ಲ, ಹಾಗೆ.

"ಎಷ್ಟು ಹೊತ್ತು ಹಿಡೀಬೇಕು ಮೇಡಂ?"

"ಹತ್ತು ದಿನ."

"ಅಂಟು ಕೊಟ್ಟವನು ನಿಮಗೆ ಮೋಸ ಮಾಡಿದಾನೆ."

ಎಷ್ಟೋ ದಿನದ ಮೇಲೆ ಡಾಕ್ಟರಮ್ಮ ನಕ್ಕರು. ಪುಟ್ಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ದೊಡ್ಡಕ್ಕ ಮಾತ್ರ ಡ್ರಿಪ್ಪಿನ ಹನಿ ನೋಡುತ್ತಾ ನಿಂತಿದ್ದರು.

ಜುಲೈ 10, ಗುರುವಾರ



ಈಗೀಗ ನಾವೆಲ್ಲ ಮಾಡುವ ಹಾಗೆ ಮಾಡಿದೆ. ಬಾಗಿಲಿನಿಂದ ಇಣುಕಿದೆ. ಹೊದಿಕೆಯ ಉಬ್ಬು ಕಂಡಿತು. ಚಾರ್ಟಿನಲ್ಲಿ ಟಿಕ್ ಹಾಕಿದೆ — ಬೋರಲು. ಮುಂದಿನ ಗಂಟೆಯೂ ಹಾಗೇ. ಅದರ ಮುಂದಿನದೂ. ಡ್ರಾಪ್ಸಿಗೆ ಅಂತ ಹೋಗಿ ಹೊದಿಕೆ ಸರಿಸಿದರೆ... ಬೋರ್ಡಣ್ಣನ ಗಲ್ಲ ಮೇಲಿದೆ. ಅಂಗಾತ. ಮುಖದ ತುಂಬ ಹೊದ್ದುಕೊಂಡು, ಅಂಗಾತ.

ತಿರುಗಿಸಿ ಮಲಗಿಸಿದೆ. ಡಾಕ್ಟರಮ್ಮ ಓಡಿ ಬಂದರು. ದೀಪ ಹಿಡಿದು ಕಣ್ಣು ನೋಡಿದರು. ಆಮೇಲೆ ಹೇಳಿದರು: "ಒಂದು ಮೂಲೆ ಎದ್ದಿದೆ. ಇನ್ನೂ ಕೈ ಮೀರಿಲ್ಲ. ಇವತ್ತಿಂದ ಬಿಗಿಯಾಗಿ ಬೋರಲು ಇದ್ದರೆ ಕೂತ್ಕೋಬಹುದು. ಇನ್ನೊಂದು ಸಲ ಹೀಗಾದರೆ ನನ್ನ ಕೈಲಿ ಏನೂ ಇಲ್ಲ."

ಅವರು ಹೋದ ಮೇಲೆ ಕೇಳಿದೆ. ಸ್ವಲ್ಪ ಗಟ್ಟಿಯಾಗೇ ಕೇಳಿದೆ, ತಪ್ಪು ನನ್ನದಾದಾಗ ದನಿ ಏರುತ್ತಲ್ಲ, ಹಾಗೆ. ಯಾಕಣ್ಣ ತಿರುಗಿದಿರಿ?

ದಿಂಬಿನೊಳಗಿನಿಂದ ಬಂತು ಮಾತು: "ಚಪ್ಪಲಿ ಬರುತ್ತೆ, ಹೋಗುತ್ತೆ. ಬರುತ್ತೆ, ಹೋಗುತ್ತೆ. ನಾನು ಸತ್ತುಹೋಗಿದೀನಿ, ಮಣ್ಣು ಮುಚ್ಚಾಗಿದೆ, ನೀವೆಲ್ಲ ಮೇಲೆ ಓಡಾಡ್ತಿದೀರಿ ಅನ್ನಿಸ್ತು ಸಿಸ್ಟರ್. ಅದಕ್ಕೆ ತಿರುಗಿದೆ. ಸೀಲಿಂಗಾದ್ರೂ ಇದೆಯಾ ನೋಡೋಣ ಅಂತ."

ಜುಲೈ 11, ಶುಕ್ರವಾರ

ಬೆಳಗಿನ ಜಾವದ ಕನಸು. ವಾರ್ಡಿನ ತುಂಬ ನೀರು. ತಿಳಿ ನೀರು, ಹಳದಿ ಬಿಸಿಲು ತಳದ ತನಕ ಇಳಿದಿದೆ. ಮಂಚಗಳು ತೇಲುತ್ತಿವೆ. ಎಲ್ಲರೂ ತೂತಿನಿಂದ ನೀರೊಳಗೆ ನೋಡುತ್ತಾ, "ಇದ್ದೀರಾ? ಇದ್ದೀರಾ?" ಅಂತ ಕೇಳುತ್ತಿದ್ದಾರೆ. ನಾನು ತಳದಲ್ಲಿ ನಿಂತಿದ್ದೇನೆ. ಇದ್ದೇನೆ ಅನ್ನಲು ಬಾಯಿ ತೆರೆದರೆ ಗುಳ್ಳೆ ಮಾತ್ರ ಮೇಲಕ್ಕೆ ಹೋಗುತ್ತೆ. ಎಚ್ಚರವಾದಾಗ ಅಳುತ್ತಿದ್ದೆ. ನಮ್ಮವರು ನೀರು ತಂದುಕೊಟ್ಟರು. ನೀರು ನೋಡಿ ಇನ್ನೂ ಅಳು ಬಂತು. ಅವರಿಗೆ ಏನು ಮಾಡಬೇಕೋ ತೋಚದೆ ಲೋಟ ಹಿಡಿದುಕೊಂಡೇ ಕೂತರು.

ಮಧ್ಯಾಹ್ನ, ಬಟ್ಟೆ ಬದಲಿಸುವ ರೂಮು. ದೊಡ್ಡಕ್ಕನ ಮುಂದೆ ಬೋರ್ಡಣ್ಣ ಹೇಳಿದ್ದೆಲ್ಲ ಹೇಳಿದೆ. ಬನ್ನಿ, ನಾವಿಬ್ಬರೂ ಕೂರೋಣ ಅಂದೆ. ನೀವು ಕೂತರೆ ಎಲ್ಲರೂ ಕೂರ್ತಾರೆ.

"ನಾನು ಕೂತಿದ್ದೆನಲ್ಲ. ಎಲ್ಲರೂ ನೋಡಿದ್ರಲ್ಲ."

"ಅವರಿಗೆ ಗೊತ್ತಿರಲಿಲ್ಲ ಅಕ್ಕ..."

"ನಿನಗೆ ಗೊತ್ತಿತ್ತು. ಪಕ್ಕದಲ್ಲೇ ಇದ್ದೆ ನೀನು."

ಅವರು ಬೀರುವಿನ ಬಾಗಿಲು ಹಾಕಿ, ಬೀಗ ಹಾಕಿ, ಮತ್ತೆ ತೆಗೆದರು. ಏನು ಮರೆತಿದ್ದರೋ.

"ಒಂದು ಸ್ಕೂಲಲ್ಲಿ ಕೆಲಸ ಸಿಕ್ಕಿದೆ. ಮಕ್ಕಳಿಗೆ ಹೊಟ್ಟೆನೋವು, ತರಚುಗಾಯ, ಅಷ್ಟೇ. ಮುಂದಿನ ಶುಕ್ರವಾರ ಇಲ್ಲಿ ಕೊನೆ." ಆಮೇಲೆ, ದನಿ ತಗ್ಗಿಸಿ: "ನನ್ನ ಬಲವಂತ ಮಾಡಬೇಡ ಕಣೇ. ನೋವಿನ ಮಂಡಿ ಹೇಗೋ ಮಡಿಸಬಹುದು. ಮನಸ್ಸು ಮಡಿಸೋಕಾಗಲ್ಲ."

ಇಷ್ಟು ವರ್ಷ ಜೊತೆಗಿದ್ದವರು. ನನಗೆ ಮೊದಲ ಸಲ ಸೂಜಿ ಹಿಡಿಯುವುದು ಹೇಳಿಕೊಟ್ಟ ಕೈ. ಹೋಗ್ತಾರೆ.

ಜುಲೈ 12, ಶನಿವಾರ

ಕೂತೆ.

ದೊಡ್ಡ ಧೈರ್ಯವೇನಲ್ಲ. ಮೂಲೆಯಲ್ಲಿ ಕ್ಯಾಮೆರಾದ ಕೆಂಪು ಚುಕ್ಕಿ. ಅದಕ್ಕೆ ಬೆನ್ನು ಮಾಡಿ ಚಪ್ಪಲಿ ಬಿಟ್ಟು, ಬೋರ್ಡಣ್ಣನ ತಲೆದೆಸೆಯಲ್ಲಿ ಕೂತು ಮೇಲೆ ನೋಡಿದೆ. ದಿಂಬಿನ ತೂತಿನಲ್ಲಿ ಮೂಗು, ಪ್ಲಾಸ್ಟರು, ಒಂದು ಮಬ್ಬುಗಣ್ಣು. ಆ ಕಣ್ಣು ನನ್ನನ್ನು ಹುಡುಕಿತು.

"ಓ... ಮುಖ!" ಅಂದರು.

ಏನು ಮಾತಾಡಬೇಕು ಅನ್ನುವುದೇ ನನಗೆ ಮರೆತುಹೋಗಿತ್ತು. ಅವರೇ ಶುರು ಮಾಡಿದರು. "ಸ್ವಲ್ಪ ಆ ಕಡೆ ಸರೀರಿ. ಕುದುರೆ ಮೇಲೆ ಕೂತಿದೀರ."

ನೆಲ ನಮ್ಮದು ಮೊಸಾಯಿಕ್. ಹಳೇದು, ಕಪ್ಪು, ಬಿಳಿ, ಕಂದು ಚೂರುಗಳು. ಅವರ ಮಬ್ಬುಗಣ್ಣಿಗೆ ಅದರಲ್ಲೊಂದು ಕುದುರೆ ಕಾಣುತ್ತೆ. ಬೆರಳು ಇಳಿಬಿಟ್ಟು ತೋರಿಸಿದರು. ಇಲ್ಲಿ ಕಿವಿ, ಇಲ್ಲಿ ಬಾಲ. ಒಂದು ಕಾಲು ಕಡಿಮೆ. ಅದರ ಆಚೆ ಕೊಡೆ ಹಿಡಿದ ಹುಡುಗಿ. ಬಾಗಿಲ ಕಡೆ ಒಂದು ನದಿ, ಅದಕ್ಕೆ ಸೇತುವೆ ಇಲ್ಲ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಮೊದಲು ಏನೂ ಇಲ್ಲ. ಆಮೇಲೆ ತಟ್ಟನೆ, ಕಿವಿ! ಇಷ್ಟು ವರ್ಷ ಅದರ ಮೇಲೇ ಓಡಾಡಿದ್ದೇನೆ, ದಿನಾ, ಬಕೆಟ್ಟು ಟ್ರೇ ಹಿಡಿದು. ಒಂದು ದಿನವೂ ಕೆಳಗೆ ನೋಡಿರಲಿಲ್ಲ. ಕಿಟಕಿಯ ಪರದೆ ಅಲ್ಲಾಡಿದಾಗ ಬಿಸಿಲು ಸರಿಯಿತು, ಕುದುರೆಯ ಬೆನ್ನು ಉಸಿರಾಡಿದ ಹಾಗಾಯಿತು. ಎಷ್ಟು ಹೊತ್ತು ಕೂತಿದ್ದೆನೋ.

ಆಮೇಲೆ ಕುದುರೆಯ ಮುಖದ ಹತ್ತಿರ ಎರಡು ಬೂಟು. ಕಪ್ಪು, ಹೊಳೆಯುವಂಥವು.

"ಏನಮ್ಮಾ ಇದು?" — ಇಸ್ತ್ರಿ, ಮೇಲಿನಿಂದ.

ನಾನು ಏಳುವಷ್ಟರಲ್ಲಿ ಬೋರ್ಡಣ್ಣ, "ಯಾರ್ರೀ ಅದು, ಇಷ್ಟು ಪಾಲಿಶು? ಕುದುರೆ ಬೆದರುತ್ತೆ, ಸ್ವಲ್ಪ ಹಿಂದೆ ಹೋಗಿ" ಅಂದರು. ಇಸ್ತ್ರಿ ನಿಜಕ್ಕೂ ಒಂದು ಹೆಜ್ಜೆ ಹಿಂದೆ ಹೋದರು! ಸುತ್ತ ನೋಡಿ, ಏನೂ ಅರ್ಥವಾಗದೆ, ನನ್ನನ್ನು ಆಫೀಸಿಗೆ ಬರಹೇಳಿದರು.

ಆಫೀಸಿನಲ್ಲಿ ಎಲ್ಲ ಹೇಳಿದೆ. ಗುಳ್ಳೆ, ದಿಂಬು, ಅಜ್ಜಿ. ಅವರು ಕೆಟ್ಟವರಲ್ಲ. ಕೇಳಿದರು. "ನೀವು ಹೇಳೋದು ಇರಬಹುದು. ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ" ಅಂದರು. ಮೆಮೊ ಕೊಟ್ಟರು. ಸಹಿ ಮಾಡಿ, ವಾಪಸ್ ಬಂದು, ಮತ್ತೆ ಕೂತೆ. ಈ ಸಲ ಕುದುರೆಯನ್ನು ಬಿಟ್ಟು.

ಜುಲೈ 14, ಸೋಮವಾರ

ಬೆಳಿಗ್ಗೆ ಹೋದರೆ ಬೋರ್ಡಣ್ಣನ ಕೆಳಗೆ ಪುಟ್ಟಿ ಕೂತಿದ್ದಾಳೆ. "ಅಕ್ಕ, ಇವರು ಕೊಡೆ ಹುಡುಗಿ ಅಂತಾರೆ, ಅದು ಅಣಬೆ. ನೀವೇ ಹೇಳಿ" ಅಂದಳು. ನ್ಯಾಯ ಹೇಳಲು ನಾನೂ ಕೂತೆ. ಅಣಬೆಯೇ. ಬೋರ್ಡಣ್ಣ ಒಪ್ಪಲಿಲ್ಲ.

ನಿನ್ನೆ ಅವಳು ಡ್ಯೂಟಿ ಬಿಟ್ಟುಕೊಡುವಾಗ ಫೈಲು ಮುಚ್ಚಿಟ್ಟು ಬಾಯಿಂದ ಹೇಳಿದಳಂತೆ, ಯಾರು ಅತ್ತರು, ಯಾರಿಗೆ ಭಯ. ಎಲ್ಲರೂ ಬದಲಾಗಿಲ್ಲ. ಫ್ಲಾಸ್ಕು ಇನ್ನೂ ಎರಡಿವೆ. ಬೆಳಗಿನ ಪಾಳಿಯ ಇಬ್ಬರು ಮುಖ ಗಂಟು ಹಾಕಿಕೊಂಡೇ ಇದ್ದಾರೆ — ನಿಮ್ಮಿಂದ ನಮಗೂ ಮೆಮೊ ಬರುತ್ತೆ ಅಂತ. ತಪ್ಪೇನಿಲ್ಲ ಅವರದ್ದು.

ದೊಡ್ಡಕ್ಕ ಕೂರಲಿಲ್ಲ. ಆ ಕಡೆ ನೋಡಲೂ ಇಲ್ಲ.

ಜುಲೈ 16, ಬುಧವಾರ

ಶಿಕ್ಷೆ ಬಂತು. ಮುಂದಿನ ತಿಂಗಳಿಂದ ನಾನು ಬಿಲ್ಲಿಂಗ್ ಕೌಂಟರಿಗೆ. ಪುಟ್ಟಿ ಓದಿ, "ಕೂತಿದ್ದಕ್ಕೆ ಶಿಕ್ಷೆ ಅಂತ ಕುರ್ಚಿ ಕೊಡ್ತಿದಾರಲ್ಲ ಅಕ್ಕ!" ಅಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಾ ನಗುತ್ತಾ ನನಗೆ ಅಳು ಬಂತು. ಈ ವಾರ್ಡು ಬಿಟ್ಟು ಹೋಗಲು ಇಷ್ಟವಿಲ್ಲ. ಬೆನ್ನುಗಳ ವಾರ್ಡು. ಹಳದಿ ಮಧ್ಯಾಹ್ನಗಳು... ಡಾಕ್ಟರಮ್ಮನಿಗೆ ಈಗ ಎಲ್ಲ ಗೊತ್ತು, ಮೇಲಿನವರ ಹತ್ತಿರ ಮಾತಾಡ್ತೀನಿ ಅಂದಿದ್ದಾರೆ. ನೋಡೋಣ.

ಎಲ್ಲಕ್ಕಿಂತ ಮೊದಲು ಶುಕ್ರವಾರ ಬರಲಿ. ಶುಕ್ರವಾರ ಬೋರ್ಡಣ್ಣನ ಕಣ್ಣು ನೋಡುತ್ತಾರೆ. ಮೂಲೆ ಅಂಟಿದೆಯೋ ಇಲ್ಲವೋ.

ಅತ್ತೆಗೂ ಚಿಂತೆ ಹತ್ತಿದೆ. ಕಂಡಿಲ್ಲ ಕೇಳಿಲ್ಲ, "ನಿನ್ನ ಬೋರ್ಡಣ್ಣ ಮಗ್ಗುಲಾಗಲಿಲ್ಲ ತಾನೇ?" ಅಂತ ದಿನಾ ಕೇಳುತ್ತಾರೆ. ಕೂತು ಉತ್ತರ ಹೇಳುತ್ತೇನೆ.

ಜುಲೈ 18, ಶುಕ್ರವಾರ. ಬಟ್ಟೆ ಬದಲಿಸುವ ರೂಮಿನಲ್ಲಿ, ಸಂಜೆ

ಮನೆ ತನಕ ತಡೆಯಲಾರೆ. ಇಲ್ಲೇ ಬರೆಯುತ್ತೇನೆ.

ಅಂಟಿದೆ!

ಡಾಕ್ಟರಮ್ಮ ದೀಪ ಹಿಡಿದು ತುಂಬ ಹೊತ್ತು ನೋಡಿದರು. "ಕೂತಿದೆ. ಮೂಲೆ ಸಮೇತ" ಅಂದರು. ಪುಟ್ಟಿ ನನ್ನ ತೋಳು ಚಿವುಟಿದ್ದು ಇನ್ನೂ ಕೆಂಪಗಿದೆ. "ಈಗ ನಿಧಾನಕ್ಕೆ ತಲೆ ಎತ್ತಿ" ಅಂದರು ಡಾಕ್ಟರಮ್ಮ.

ಬೋರ್ಡಣ್ಣ ಎದ್ದು ಕೂತರು. ಕೆನ್ನೆಯ ಮೇಲೆ ದಿಂಬಿನ ಗುರುತು. ಬಲಗಣ್ಣು ಬಿಟ್ಟು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನೋಡಿ ನಗತೊಡಗಿದರು. ಗುಳ್ಳೆ ಅರ್ಧ ಕರಗಿದೆಯಲ್ಲ, ಅದರ ಅಂಚು ನೀರಿನ ಮಟ್ಟದ ಹಾಗೆ ಅಡ್ಡಗೆರೆಯಾಗಿ ಕಾಣುತ್ತೆ. ಮೇಲೆ ತಿಳಿ, ಕೆಳಗೆ ಕದಡಿದ್ದು.

"ಎಲ್ಲರೂ ಎದೆಮಟ್ಟ ನೀರಲ್ಲಿ ನಿಂತಿದೀರಿ. ಇಷ್ಟು ದಿನ ಬರೀ ಕಾಲು. ಇವತ್ತು ನೋಡಿದರೆ ಕಾಲೇ ಇಲ್ಲ, ಮುಖ ಮಾತ್ರ!"

ನನ್ನ ಕನಸಿನ ನೀರು. ಯಾರಿಗೂ ಹೇಳಿರಲಿಲ್ಲ ಅದನ್ನ, ನಮ್ಮವರಿಗೂ.

ಗೋಡೆಯ ಬೋರ್ಡು ತೋರಿಸಿ ಓದಿ ಅಂದೆವು. "ನಿಶ್ಶಬ್ದ ಕಾಪಾಡಿ" ಅಂತ ಅಕ್ಷರ ಅಕ್ಷರ ಓದಿ, "ಥೂ, ಯಾರು ಬರೆದಿದ್ದು? ಒತ್ತಕ್ಷರ ಸೊಟ್ಟ" ಅಂದರು. ಅದಕ್ಕಿಂತ ಸಿಹಿಯಾದ ಬೈಗುಳ ನಾನು ಕೇಳಿಲ್ಲ.

ಆಮೇಲೆ ಕೇಳಿದರು: "ಆ ಗುಲಾಬಿ ದಾರದವರು ಯಾರು?"

ದೊಡ್ಡಕ್ಕ ಬಾಗಿಲ ಹತ್ತಿರ ಇದ್ದರು.

"ದಿನಾ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬರ್ತಿದ್ರು. ಬಂದು ತಲೆದೆಸೇಲಿ ನಿಲ್ತಿದ್ರು. ಒಂದು ಕಾಲು ಚಪ್ಪಲಿಯಿಂದ ಹೊರಗೆ ತೆಗೀತಿದ್ರು... ಮತ್ತೆ ಹಾಕ್ಕೋತಿದ್ರು. ಈಗ ಕೂರ್ತಾರೆ, ಈಗ ಕೂರ್ತಾರೆ ಅಂತ ನಾನು ಕಾಯ್ತಿದ್ದೆ. ಅವರು ನಿಂತಿರೋ ತನಕ ನನಗೆ ಮಗ್ಗುಲಾಗಬೇಕು ಅನ್ನಿಸ್ತಿರಲಿಲ್ಲ. ಅಷ್ಟು ಹೇಳಬೇಕಿತ್ತು."

ನನಗೆ ಗೊತ್ತೇ ಇರಲಿಲ್ಲ. ಊಟದ ಹೊತ್ತು ನಾನಿದ್ದೇನೆ, ನೀವು ಹೋಗಿ ಬನ್ನಿ ಅಂತ ನಮ್ಮನ್ನು ಕಳಿಸುತ್ತಿದ್ದರು ದೊಡ್ಡಕ್ಕ. ಕೊನೇ ವಾರ, ನಮ್ಮ ಮುಖ ನೋಡಲು ಇಷ್ಟವಿಲ್ಲ, ಅದಕ್ಕೇ ಒಬ್ಬರೇ ಇರುತ್ತಾರೆ ಅಂದುಕೊಂಡಿದ್ದೆ.

ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಇದೆಲ್ಲ ಆಗಿ ಒಂದು ಗಂಟೆಯಾಗಿರಬಹುದು. ದೊಡ್ಡಕ್ಕನ ಡ್ಯೂಟಿ ಮುಗಿದಿದೆ. ಕೊನೆಯ ಡ್ಯೂಟಿ. ಈಗ ಇಲ್ಲಿಗೇ ಬಂದಿದ್ದರು, ಬೀರು ಖಾಲಿ ಮಾಡಿದರು. ಬಾಚಣಿಗೆ, ಕನ್ನಡಿ, ಎಷ್ಟೋ ವರ್ಷದ ಪಿನ್ನುಗಳು. ನಾನು ಏನೇನೋ ಹೇಳಬೇಕೆಂದಿದ್ದೆ. ಆ ದಿನ ಮೀಟಿಂಗಿನಲ್ಲಿ ನಾನು ಏಳಬೇಕಿತ್ತು ಅಕ್ಕ, ಅಂದೆ. ಅಷ್ಟೇ ಆಗಿದ್ದು. ಅವರು ನನ್ನ ತಲೆ ಮೇಲೆ ಕೈ ಇಟ್ಟರು, ಭಾರವಾಗಿ, ಒಂದು ಕ್ಷಣ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟರು. ವಾರ್ಡಿನ ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಬದಲಿಸುವುದು ಮರೆತಿದ್ದಾರೆ. ನಾನು ಹೇಳಲಿಲ್ಲ.

ಬಾಗಿಲು ತೆರೆದಿದೆ, ಇಲ್ಲಿಂದ ವಾರ್ಡು ಕಾಣುತ್ತೆ. ಕಿಟಕಿ ಪಕ್ಕದ ಮಂಚಕ್ಕೆ, ಅಜ್ಜಿಯ ಮಂಚಕ್ಕೆ, ನಿನ್ನೆ ಒಬ್ಬ ಹೆಂಗಸು ಬಂದಿದ್ದಾಳೆ. ಇವತ್ತು ಬೆಳಿಗ್ಗೆ ಆಪರೇಷನ್ ಆಯಿತು. ಆಗಿನಿಂದ ಸಣ್ಣಗೆ ಅಳುತ್ತಿದ್ದಾಳೆ. ಪುಟ್ಟಿ ಅಲ್ಲಿಗೆ ಹೊರಟವಳು ಬೇರೆ ಬೆಲ್ಲಿಗೆ ಓಡಿದಳು. ಬರೆಯುವುದು ನಿಲ್ಲಿಸಿ ನಾನೇ ಹೋಗಬೇಕು.

"ಯಾರಾದ್ರೂ ಇದೀರಾ?" ಅಂತ ಕೇಳುತ್ತಿದ್ದಾಳೆ, ನೆಲವನ್ನ.

ದೊಡ್ಡಕ್ಕ ಹೊರಬಾಗಿಲ ತನಕ ಹೋಗಿದ್ದವರು ನಿಂತರು.

ತಿರುಗಿದರು. ಹೋಗುತ್ತಿದ್ದಾರೆ. ತಲೆದೆಸೆಯಲ್ಲಿ ನಿಂತರು. ಒಂದು ಕಾಲು ಚಪ್ಪಲಿಯಿಂದ ಹೊರಗೆ ಬಂತು. ಅಯ್ಯೋ ಹಾಕಿಕೊಳ್ಳಬೇಡಿ ಅಕ್ಕ, ಹಾಕಿಕೊಳ್ಳಬೇಡಿ... ಇನ್ನೊಂದು ಕಾಲೂ. ಬ್ಯಾಗ್ ಕೆಳಗಿಟ್ಟರು. ಒಂದು ಕೈ ಮಂಚದ ಕಂಬಿ ಮೇಲೆ, ಒಂದು ಕೈ ಸೊಂಟದ ಮೇಲೆ, ನಿಧಾನಕ್ಕೆ, ನಿಧಾನಕ್ಕೆ... ಹೋಗಿ ಹಿಡಿದುಕೊಳ್ಳಲಾ? ಬೇಡ, ಅವರೇ ಕೂರಲಿ. ಇಲ್ಲ, ಆ ಮಂಡಿ —